ಎರಡು ‘ಈಕ್ವಲೈಸರ್’ಗಳಲ್ಲಿ ನಮ್ಮ ಮನೆಗೆ ಬಂದದ್ದು ಹಳೆಯದು

ಹೋದ ವರ್ಷ ನ್ಯೂಜೆರ್ಸಿಯ ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಮೈಸೂರಿಗೆ ಹಿಂತಿರುಗುವಾಗ, ದೊಡ್ಡ ಸೂಟ್‌ಕೇಸಿಗೆ ಹಾಕಲು ಮನಸ್ಸಾಗದೆ ಕೈಚೀಲದಲ್ಲೇ ಇಟ್ಟುಕೊಂಡು ತಂದದ್ದು ‘ದಿ ಈಕ್ವಲೈಸರ್’ ಧಾರಾವಾಹಿಯ ಡಿವಿಡಿ ಪೆಟ್ಟಿಗೆಯನ್ನು. 1985ರಿಂದ 1989ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ, ಎಡ್ವರ್ಡ್ ವುಡ್‌ವರ್ಡ್ ನಟಿಸಿದ ಹಳೆಯ ಧಾರಾವಾಹಿ ಅದು. ಅದೇ ಹೆಸರಿನಲ್ಲಿ 2021ರಲ್ಲಿ ಆರಂಭವಾಗಿ ಐದು ಸೀಸನ್ ನಡೆದು 2025ರಲ್ಲಿ ಮುಗಿದ, ಕ್ವೀನ್ ಲತೀಫಾ ಮುಖ್ಯಪಾತ್ರದ ಹೊಸ ಧಾರಾವಾಹಿಯನ್ನೂ ಮಗಳ ಮನೆಯಲ್ಲೇ ಸಾಕಷ್ಟು ನೋಡಿದ್ದೆ. ಎರಡನ್ನೂ ನೋಡಿದ ಮೇಲೆ, ಹಣ ಕೊಟ್ಟು ಮನೆಯಲ್ಲಿಟ್ಟುಕೊಳ್ಳಬೇಕೆನ್ನಿಸಿದ್ದು ಹಳೆಯದನ್ನೇ. ಆ ಪೆಟ್ಟಿಗೆ ಇಲ್ಲಿಗೆ ಬಂದ ಮೇಲೆ ಕೊಟ್ಟ ತೊಂದರೆ ಸಣ್ಣದಲ್ಲ; ಆದರೂ ನನ್ನ ಆಯ್ಕೆ ಬದಲಾಗಲಿಲ್ಲ.

ಎರಡರ ಮೂಲ ಎಳೆ ಒಂದೇ. ಗೂಢಚಾರ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು ಹೊರಬಂದ ವ್ಯಕ್ತಿ, ಪೊಲೀಸರಿಂದಲೂ ನ್ಯಾಯಾಲಯದಿಂದಲೂ ನೆರವು ಸಿಗದೆ ಕಂಗಾಲಾದವರ ಪರವಾಗಿ ನಿಲ್ಲುವುದು. ಹಳೆಯದರಲ್ಲಿ ರಾಬರ್ಟ್ ಮೆಕಾಲ್ ಪತ್ರಿಕೆಯಲ್ಲಿ ನಾಲ್ಕು ಸಾಲಿನ ವರ್ಗೀಕೃತ ಜಾಹೀರಾತು ಕೊಡುತ್ತಾನೆ. ಕಷ್ಟದಲ್ಲಿದ್ದವರು ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಿದರೆ ಅವರ ಮಾತು ಅವನ ಮನೆಯ ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗುತ್ತದೆ. ಹೊಸದರಲ್ಲಿ ರಾಬಿನ್ ಮೆಕಾಲ್ ಅದೇ ಆಹ್ವಾನವನ್ನು ಅಂತರ್ಜಾಲದಲ್ಲಿ ಹಾಕುತ್ತಾಳೆ.

ಈ ಯಂತ್ರವೇ ನನ್ನನ್ನು ಹಳೆಯದಕ್ಕೆ ಕಟ್ಟಿಹಾಕಿದ್ದು. ಮೆಕಾಲ್ ಮನೆಗೆ ಬಂದು ಟೇಪನ್ನು ಹಾಕಿ ಕೇಳುತ್ತಾನೆ. ಒಬ್ಬರು ಹೆಸರು ಹೇಳಲು ಹೆದರುತ್ತಾರೆ, ಇನ್ನೊಬ್ಬರು ಅರ್ಧ ಮಾತಿಗೇ ಫೋನ್ ಇಡುತ್ತಾರೆ, ಅವನು ಮಾತ್ರ ಮುಖ ಅಲ್ಲಾಡಿಸದೆ ಕೇಳುತ್ತಲೇ ಇರುತ್ತಾನೆ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೌಂಟರಿನ ಈಚೆ ಕುಳಿತು ಜನರ ಅಹವಾಲು ಕೇಳಿದವನು ನಾನು. ಎದುರಿಗಿರುವವರ ಮಾತು ಪೂರ್ತಿ ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಬಲ್ಲೆ. ವುಡ್‌ವರ್ಡ್ ಅದನ್ನು ಕಣ್ಣಿನಲ್ಲೇ ಮಾಡಿ ತೋರಿಸುತ್ತಾರೆ. ಧಾರಾವಾಹಿ ಆರಂಭವಾದಾಗ ಅವರಿಗೆ ಐವತ್ತೈದು ವರ್ಷ. ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ‘ಕ್ಯಾಲನ್’ ಎಂಬ ಧಾರಾವಾಹಿಯಲ್ಲಿ ತನ್ನ ಕೆಲಸದ ಬಗ್ಗೆ ತಾನೇ ಹೇಸುವ ಗೂಢಚಾರನ ಪಾತ್ರ ಮಾಡಿದ್ದವರು. ಆ ಭಾರವೆಲ್ಲ ಇಲ್ಲಿಯೂ ಅವರ ಹೆಗಲ ಮೇಲಿದೆ. ಮೆಕಾಲ್ ಜನರಿಗೆ ನೆರವಾಗುವುದು ದೊಡ್ಡಸ್ತಿಕೆಗಲ್ಲ, ಹಿಂದೆ ಮಾಡಿದ್ದನ್ನು ಸ್ವಲ್ಪವಾದರೂ ತೀರಿಸಿಕೊಳ್ಳುವುದಕ್ಕೆ. ಈ ಪಾತ್ರಕ್ಕೆ 1987ರಲ್ಲಿ ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು.

ಹೊಸದನ್ನು ನಾನು ಕೀಳಾಗಿ ಕಾಣುವುದಿಲ್ಲ. ಹದಿಹರೆಯದ ಮಗಳು ಡಿಲೈಲಾ, ಮನೆಯಲ್ಲೇ ಇರುವ ವೈ ಚಿಕ್ಕಮ್ಮ ಮತ್ತು ರಾಬಿನ್, ಈ ಮೂವರು ಒಟ್ಟಿಗೆ ಕೂತು ಮಾತನಾಡುವ ದೃಶ್ಯಗಳು ಬಹಳ ಚೆನ್ನಾಗಿವೆ. ನನ್ನ ಹೆಂಡತಿ ಆ ಚಿಕ್ಕಮ್ಮನಿಗಾಗಿಯೇ ಕೆಲಸ ಬಿಟ್ಟು ಬಂದು ಕೂರುತ್ತಿದ್ದಳು. ಲತೀಫಾ ಹುಟ್ಟಿದ್ದು ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ, ಕಥೆ ನ್ಯೂಯಾರ್ಕಿನದಾದರೂ ಚಿತ್ರೀಕರಣ ಹೆಚ್ಚಾಗಿ ನಡೆದದ್ದೂ ನ್ಯೂಜೆರ್ಸಿಯಲ್ಲೇ ಎಂದು ಮಗಳು ಅಭಿಮಾನದಿಂದ ಹೇಳುತ್ತಿದ್ದಳು. ಆದರೆ ಇಲ್ಲಿ ಕಂಪ್ಯೂಟರ್ ಬಲ್ಲ ಹ್ಯಾರಿ ಎಂಬ ಗೆಳೆಯ ಕೀಲಿಮಣೆಯ ಮುಂದೆ ಕುಳಿತೊಡನೆ ಕ್ಯಾಮೆರಾ ದೃಶ್ಯ, ಫೋನಿನ ಜಾಡು, ಬ್ಯಾಂಕ್ ಖಾತೆ ಎಲ್ಲವೂ ಪರದೆಯ ಮೇಲೆ ಬಂದುಬಿಡುತ್ತವೆ. ತೊಂದರೆಯಲ್ಲಿರುವವರ ಕಥೆ ಇದರಿಂದ ಬೇಗ ಬೇಗ ಮುಗಿಯುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಡೆನ್ಜೆಲ್ ವಾಷಿಂಗ್ಟನ್ನರ ಮೂರು ಚಲನಚಿತ್ರಗಳೂ (2014, 2018, 2023) ಇದೇ ಪಾತ್ರದವು. ರಕ್ತಪಾತ ಹೆಚ್ಚಾಗಿರುವುದರಿಂದ ರಾತ್ರಿ ಊಟದ ನಂತರ ನೋಡುವ ನನ್ನಂಥವರಿಗೆ ಅವು ಒಗ್ಗುವುದಿಲ್ಲ.

ಇನ್ನು ಆ ತೊಂದರೆಯ ವಿಷಯ. ಮೈಸೂರಿಗೆ ಬಂದ ಮರುದಿನವೇ ಮೊದಲ ಡಿಸ್ಕನ್ನು ನಮ್ಮ ಹಳೆಯ ಡಿವಿಡಿ ಪ್ಲೇಯರಿಗೆ ಹಾಕಿದೆ. ತಟ್ಟೆ ಒಳಗೆ ಹೋಯಿತು, ತಿರುಗುವ ಸದ್ದು ಕೇಳಿಸಿತು, ನೀಲಿ ಪರದೆಯ ಮೇಲೆ ಪ್ರದೇಶ ಹೊಂದುತ್ತಿಲ್ಲ ಎಂಬ ಒಂದು ಸಾಲು ಮೂಡಿ ತಟ್ಟೆ ಮತ್ತೆ ಹೊರಬಂತು. ಡಿಸ್ಕಿನಲ್ಲಿ ಗೀರೇನಾದರೂ ಬಿದ್ದಿರಬಹುದೆಂದು ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದೆ, ಎರಡನೆಯದನ್ನು ಹಾಕಿದೆ, ಕೊನೆಯದನ್ನೂ ಹಾಕಿದೆ. ಎಲ್ಲಕ್ಕೂ ಅದೇ ಸಾಲು. ಅರವತ್ತು ಡಾಲರ್ ಕೊಟ್ಟು ತಂದದ್ದನ್ನು ಹಿಂತಿರುಗಿಸುವ ಅವಧಿಯೂ ಅಷ್ಟರಲ್ಲಿ ಮುಗಿದಿತ್ತು. ಕೊಳ್ಳುವಾಗ ಇದನ್ನು ಭಾರತಕ್ಕೆ ಒಯ್ಯುತ್ತೇನೆಂದು ಅಂಗಡಿಯವನಿಗೆ ಎರಡು ಸಲ ಹೇಳಿದ್ದೆ. ಅವನು ಒಂದು ಮಾತು ಎಚ್ಚರಿಸಿದ್ದರೆ ಸಾಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ವಿಷಯವಿಷ್ಟೆ. ಡಿವಿಡಿಗಳಿಗಾಗಿ ಜಗತ್ತನ್ನು ಪ್ರದೇಶಗಳಾಗಿ ಹಂಚಿದ್ದಾರೆ. ಅಮೆರಿಕ ಮತ್ತು ಕೆನಡಾ 1ನೆಯ ಪ್ರದೇಶ, ಭಾರತ 5ನೆಯದು. ಅಲ್ಲಿಯ ಡಿಸ್ಕ್ ಇಲ್ಲಿಯ ಪ್ಲೇಯರಿನಲ್ಲಿ ಓಡದಂತೆ ಬೇಕೆಂದೇ ಬೀಗ ಹಾಕಿರುತ್ತಾರೆ. ಪೆಟ್ಟಿಗೆಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ ಆ ಅಂಕಿ ಅಚ್ಚಾಗಿತ್ತು, ಬೆರಳಿನ ಉಗುರಿಗಿಂತ ಚಿಕ್ಕದಾಗಿ, ನಾನು ನೋಡಿರಲಿಲ್ಲ. ಕೆಲವು ಪ್ಲೇಯರುಗಳಲ್ಲಿ ರಿಮೋಟಿನಿಂದ ಗುಪ್ತಸಂಖ್ಯೆ ಒತ್ತಿದರೆ ಬೀಗ ತೆರೆಯುತ್ತದೆಂದು ರಿಪೇರಿಯವನೊಬ್ಬ ಒಂದು ಗಂಟೆ ಪ್ರಯತ್ನಿಸಿದ, ನಮ್ಮದು ತೆರೆಯಲಿಲ್ಲ.

ಕೊನೆಗೆ ಲ್ಯಾಪ್‌ಟಾಪಿಗೆ ಜೋಡಿಸುವ ಡಿವಿಡಿ ಡ್ರೈವ್ ಒಂದನ್ನು ಕೊಂಡೆ. ಅದರಲ್ಲಿಯೂ ಪ್ರದೇಶವನ್ನು ಐದು ಬಾರಿ ಮಾತ್ರ ಬದಲಾಯಿಸಬಹುದು, ಐದನೆಯ ಸಲ ಯಾವುದನ್ನು ಆರಿಸುತ್ತೇವೆಯೋ ಅದೇ ಶಾಶ್ವತವಾಗಿ ಉಳಿಯುತ್ತದೆ. ಬದಲಾಯಿಸುವ ಮುನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಉಳಿದಿರುವ ಅವಕಾಶಗಳ ಲೆಕ್ಕ ಕಾಣಿಸಿತು. ಬೆರಳು ಒತ್ತಲು ಹಿಂಜರಿದು ಮಗಳಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿದೆ. ಈಗ ಡ್ರೈವ್ 1ರಲ್ಲೇ ನಿಂತಿದೆ, ಅದನ್ನು ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಹೇಳಿದ್ದೇನೆ. ಕನ್ನಡದ ಡಿಸ್ಕುಗಳಿಗೆ ಹಳೆಯ ಪ್ಲೇಯರ್, ಮೆಕಾಲ್‌ಗೆ ಈ ಡ್ರೈವ್. ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಿದ ಮೇಲೆ ಚಿತ್ರದ ಅಳತೆಯನ್ನು 4:3ಕ್ಕೆ ಇಡಬೇಕು, ಇಲ್ಲದಿದ್ದರೆ ಎಲ್ಲರ ಮುಖ ಅಡ್ಡಡ್ಡ ಎಳೆದಂತೆ ಕಾಣುತ್ತದೆ.

ಹೊಸ ಧಾರಾವಾಹಿಗೆ ಇಂಥ ಯಾವ ಕಷ್ಟವೂ ಇರಲಿಲ್ಲ. ಮಗಳ ಮನೆಯಲ್ಲಿ ಗುಂಡಿ ಒತ್ತಿದರೆ ಬರುತ್ತಿತ್ತು, ಸ್ಪಷ್ಟವಾದ ಸಬ್‌ಟೈಟಲ್ ಇರುತ್ತಿತ್ತು. ನನ್ನ ಪೆಟ್ಟಿಗೆಯ ಡಿಸ್ಕುಗಳಲ್ಲಿ ಸಬ್‌ಟೈಟಲ್ ಇಲ್ಲ. ಹೆಂಡತಿಗೆ ಆಗಾಗ ನಿಲ್ಲಿಸಿ ಅರ್ಥ ಹೇಳಬೇಕಾಗುತ್ತದೆ. ಇದು ನಿಜವಾದ ಕೊರತೆ.

ಸಂಗೀತದಲ್ಲಿ ಸ್ಪರ್ಧೆಯೇ ಇಲ್ಲ. ‘ದಿ ಪೊಲೀಸ್’ ತಂಡದ ಡ್ರಮ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್ ಹಳೆಯದಕ್ಕೆ ಮಾಡಿದ ಶೀರ್ಷಿಕೆ ಸಂಗೀತ ಆರಂಭವಾದರೆ ಅಡುಗೆಮನೆಯಲ್ಲಿದ್ದವರೂ ಬಂದು ಕೂರುತ್ತಾರೆ.

ದಿನಕ್ಕೆ ಒಂದೇ ಕಂತು, ರಾತ್ರಿ ಒಂಬತ್ತಕ್ಕೆ, ನಡುವೆ ಜಾಹೀರಾತಿಲ್ಲದೆ ನೋಡುವುದು ನನ್ನ ಅಭ್ಯಾಸ. ನಾಲ್ಕು ಸೀಸನ್ನಿನ 88 ಕಂತುಗಳು ಹಾಗೆ ನೋಡಿದರೆ ಸುಮಾರು ಮೂರು ತಿಂಗಳು ಬರುತ್ತವೆ. ಪಿಂಚಣಿಯಲ್ಲಿ ಬದುಕುವವನಿಗೆ ತಿಂಗಳು ತಿಂಗಳು ಚಂದಾ ಕಟ್ಟುತ್ತಾ, ಯಾವಾಗ ಯಾವುದನ್ನು ತೆಗೆದುಬಿಡುತ್ತಾರೋ ಎಂದು ಕಾಯುವುದಕ್ಕಿಂತ, ಡ್ರೈವ್‌ನ ಬೆಲೆಯನ್ನೂ ಸೇರಿಸಿಕೊಂಡರೂ ಈ ಪೆಟ್ಟಿಗೆಯೇ ಹಗುರ. ಎಲ್ಲರೂ ಒಟ್ಟಿಗೆ ಕೂತು ನೋಡುವ ಮನೆಯಾದರೆ, ಸಬ್‌ಟೈಟಲ್ ಬೇಕೇಬೇಕು ಎನ್ನುವವರಿದ್ದರೆ, ಈಗಾಗಲೇ ಚಂದಾ ಕಟ್ಟುತ್ತಿದ್ದರೆ, ಲತೀಫಾ ಅವರ ಧಾರಾವಾಹಿಯನ್ನು ನೋಡಿ.

ನಾವೀಗ ಮೂರನೆಯ ಸೀಸನ್ನಿನಲ್ಲಿದ್ದೇವೆ. 1987ರಲ್ಲಿ ವುಡ್‌ವರ್ಡ್‌ಗೆ ಹೃದಯಾಘಾತವಾದಾಗ ಅವರ ಹೊರೆ ಇಳಿಸಲು ರಿಚರ್ಡ್ ಜೋರ್ಡನ್‌ರನ್ನು ಕರೆತಂದ ಕಂತುಗಳು ಇವು. ಜೋರ್ಡನ್ ಒಳ್ಳೆಯ ನಟರೇ. ಆದರೂ ಪ್ರತಿ ರಾತ್ರಿ ಕಂತು ಆರಂಭವಾದೊಡನೆ ಹೆಂಡತಿ ಕೇಳುವುದು ಒಂದೇ: “ಇವತ್ತು ನಮ್ಮ ಯಜಮಾನರು ಬರ್ತಾರೇನ್ರೀ?”