ಮೈಕ್ರೋವೇವ್ ಕಣ್ಣಿಗೆ ಮಣ್ಣೆರಚಲು ಯಾವುದು ವಾಸಿ: ದಪ್ಪ ಕವಚವೋ, ತೆಳು ಹೊದಿಕೆಯೋ?

ಪ್ರಾಜೆಕ್ಟಿಗೆ ಮೈಕ್ರೋವೇವ್ ಕ್ಲೋಕ್, ಅಂದರೆ ವಸ್ತುವನ್ನು ಮೈಕ್ರೋವೇವ್ ಅಲೆಗಳಿಗೆ ಕಾಣದಂತೆ ಮರೆಮಾಡುವ ಹೊದಿಕೆ, ಮಾಡೋಣ ಅಂತಿದ್ದೀರಾ? ಮುಖ್ಯವಾಗಿ ಎರಡು ದಾರಿಗಳಿವೆ.

ಹಳೆಯದು, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2006ರಲ್ಲಿ ತೋರಿಸಿದ್ದು. ನಡುವೆ ತಾಮ್ರದ ಸಿಲಿಂಡರ್, ಸುತ್ತ ಬಳೆ ಜೋಡಿಸಿದಂತೆ 10 ಪದರ. ಪದರಗಳ ಮೇಲೆಲ್ಲ ಸೀಳು ಬಿಟ್ಟ ಪುಟ್ಟ ತಾಮ್ರದ ಉಂಗುರಗಳು. ಪದರದಿಂದ ಪದರಕ್ಕೆ ಅವುಗಳ ಅಳತೆ ಚೂರುಚೂರೇ ಬದಲಾಗುತ್ತದೆ. ಹೊಳೆ ನೀರು ಬಂಡೆಯನ್ನು ಬಳಸಿ ಹೋಗುತ್ತದಲ್ವಾ, ಅಲೆಯೂ ಹಾಗೇ ಸುತ್ತಿಕೊಂಡು ಆಚೆ ಸೇರುತ್ತದೆ. ಒಳಗೆ ಏನಿಟ್ಟರೂ ಆದೀತು. ಆದರೆ ಆಟ ನಡೆಯುವುದು 8.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ. ಅಲ್ಲೂ ತುಸು ನೆರಳು ಉಳಿಯುತ್ತದೆ.

ಇನ್ನೊಂದು, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ್ದು, 2013ರದು. 100 ಮೈಕ್ರೋಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ, ಮೇಲೆ ಮೀನುಬಲೆಯಂತೆ 66 ಮೈಕ್ರೋಮೀಟರ್ ದಪ್ಪದ ತಾಮ್ರದ ಪಟ್ಟಿ. ಅಷ್ಟೇ! 18 ಸೆಂಟಿಮೀಟರ್ ಉದ್ದದ ಕೋಲನ್ನು 3.6 ಗಿಗಾಹರ್ಟ್ಸ್‌ನಲ್ಲಿ ಮರೆಮಾಡಿತು. ಇದು ಅಲೆಯನ್ನು ಸುತ್ತಿಸಿ ಕಳಿಸುವುದಿಲ್ಲ. ಕೋಲು ಚದುರಿಸಿದ ಅಲೆಯನ್ನು ಹಾಳೆ ಚದುರಿಸಿದ ಅಲೆ ಹೊಡೆದುಹಾಕುತ್ತದೆ. ತೊಂದರೆ ಏನಂದ್ರೆ, ಇದು ಅಳತೆ ಕೊಟ್ಟು ಹೊಲಿಸಿದ ಅಂಗಿ. ವಸ್ತು ಬದಲಾದರೆ ಲೆಕ್ಕ ಮತ್ತೆ ಮೊದಲಿಂದ. ಅಲೆಯುದ್ದಕ್ಕಿಂತ ತುಂಬಾ ದೊಡ್ಡ ವಸ್ತುವಿಗೂ ಒಗ್ಗುವುದಿಲ್ಲ.

ಆಂಟೆನಾ ಪಕ್ಕದ ಕಂಬ ಅಡ್ಡ ಬರುತ್ತಿದ್ದರೆ ಸುಮ್ನೆ ಎರಡನೆಯದನ್ನೇ ಹಿಡಿಯಿರಿ. ಉಂಗುರದ ಕವಚಕ್ಕೆ ಕೆಲಸ ಜಾಸ್ತಿ.