ಮೈಸೂರು ಬಸ್ ನಿಲ್ದಾಣದ ಬಳಿಯ ವಸತಿಗೃಹವೊಂದರಲ್ಲಿ ಕಳೆದ ಒಂದು ರಾತ್ರಿ

ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರನ್ನು ಎರಡು ದಿನ ನಿಧಾನವಾಗಿ ನೋಡಬೇಕೆಂದು, ಟ್ಯೂಷನ್ ಹೇಳಿ ಕೂಡಿಟ್ಟ 2,000 ರೂಪಾಯಿಯೊಂದಿಗೆ ಕಳೆದ ಭಾನುವಾರ ಹೊರಟಿದ್ದೆ. ಬಸ್ ನಿಲ್ದಾಣದ ಸಮೀಪದ ವಸತಿಗೃಹದಲ್ಲಿ ಆನ್‌ಲೈನ್ ಮೂಲಕ 600 ರೂಪಾಯಿಗೆ ಕೊಠಡಿ ಕಾಯ್ದಿರಿಸಿದ್ದರೂ, ಸಂಜೆ ಅಲ್ಲಿಗೆ ತಲುಪಿದಾಗ ಆ ದರ ಈಗ ಇಲ್ಲವೆಂದು ಹೇಳಿ ಇನ್ನೂ 400 ರೂಪಾಯಿ ಕೇಳಿದರು. ಮೊಬೈಲಿನಲ್ಲಿದ್ದ ರಸೀದಿಯನ್ನು ತೋರಿಸಿದರೆ, "ಅದೆಲ್ಲ ನಮಗೆ ಗೊತ್ತಿಲ್ಲ ತಮ್ಮ" ಎಂಬ ಉತ್ತರ ಬಂತು.

ದಿಂಬಿನ ಮೇಲೆ ಹಿಂದಿನವರ ತಲೆಯೆಣ್ಣೆಯ ಕಲೆ ದುಂಡಗೆ ಉಳಿದಿತ್ತು. ಬಚ್ಚಲಿನ ಬಕೆಟ್ಟಿನ ತಳ ಸೀಳಿದ್ದರಿಂದ, ನೀರು ತುಂಬುವುದಕ್ಕಿಂತ ಬೇಗ ಸೋರಿ ಹೋಗುತ್ತಿತ್ತು. ಬೇರೆ ಬಕೆಟ್ ಕೊನೆಗೂ ಬರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. 1912ರಲ್ಲಿ ಪೂರ್ಣಗೊಂಡ ಅರಮನೆ ಭಾನುವಾರದ ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿ ಬೆಳಗುವುದನ್ನು ನೋಡುವುದಕ್ಕೆಂದೇ ಆ ದಿನವನ್ನು ಆರಿಸಿಕೊಂಡಿದ್ದೆ. ಹಣದ ವಾದ ಮುಗಿಸಿ ಓಡಿ ಹೋಗುವಷ್ಟರಲ್ಲಿ ದೀಪಗಳು ಆರಿ, ಜನ ಹೊರಗೆ ಬರುತ್ತಿದ್ದರು.

ಮರುದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಏಕಶಿಲೆಯ ನಂದಿಯ ಮುಂದೆ ಕುಳಿತ ಅರ್ಧ ಗಂಟೆ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಕಡಿಮೆ ಹಣದಲ್ಲಿ ಬರುವವರು ಮುಂಗಡ ಕೊಡುವ ಮೊದಲು ವಸತಿಗೃಹಕ್ಕೆ ನೇರವಾಗಿ ಕರೆ ಮಾಡಿ ದರವನ್ನು ಖಚಿತಪಡಿಸಿಕೊಳ್ಳಿ. ಮಂಡ್ಯದವರಾದರೆ ರಾತ್ರಿಯ ರೈಲಿಗೆ ಊರಿಗೆ ಮರಳುವುದೇ ಲೇಸು.