ಕಥೆ ಬದಲಿಸೋದಾ, ಸುಳಿವು ಬದಲಿಸೋದಾ?

ಮೊದಲೇ ಹೇಳಿಬಿಡುತ್ತೇನೆ, ಮಗುವಿನ ಉತ್ತರ ನೋಡಿ ಮುಂದಿನ ಕಥೆ ಆರಿಸುವ ರೆಡಿಮೇಡ್ ಎಂಜಿನ್‌ಗೆ (ಸಾಫ್ಟ್‌ವೇರ್‌ಗೆ) ಇಡೀ ವರ್ಷದ ಚಂದಾ ಕಟ್ಟಿದ್ದು ನನ್ನ ಆತುರ. ಓದಿದ್ದು ಅರ್ಥವಾಗದೆ ಒದ್ದಾಡುವ ಎಂಟು ಮಕ್ಕಳಿಗಾಗಿ ಆಪ್ ಮಾಡುತ್ತಿದ್ದೆ. ಎಂಜಿನ್ ಮಾಡುವುದು ಇಷ್ಟೇ: ಉತ್ತರ ಸರಿಯಾದರೆ ಕಷ್ಟದ ಕಥೆ, ತಪ್ಪಾದರೆ ಸುಲಭದ್ದು. ಆಮೇಲೆ ನಾನೇ ಕೂತು ಇನ್ನೊಂದು ಬರೆದೆ. ಅದರಲ್ಲಿ ಕಥೆ ಅದೇ ಇರುತ್ತದೆ, ಸುಳಿವು ಬದಲಾಗುತ್ತದೆ. ಈಗ ನಡೀತಿರೋದು ಅದೇ.

ಎಂಜಿನ್ ಕೈಕೊಟ್ಟಿದ್ದು ಇಲ್ಲಿ. ಕಥೆಯಲ್ಲಿ ಹೀಗಿತ್ತು: ‘ಸೀತಾ ಒಳಗೆ ಬಂದಳು. ಕೊಡೆ ಮಡಚಿ ಮೂಲೆಗಿಟ್ಟಳು. ನೆಲವೆಲ್ಲ ನೀರಾಯಿತು.’ ಪ್ರಶ್ನೆ: ಸೀತಾ ಮೂಲೆಗೆ ಏನಿಟ್ಟಳು? ಆ ಎಂಟರಲ್ಲಿ ಒಬ್ಬ ಹುಡುಗ ‘ಮೂಲೆ’ಯನ್ನು ಕಥೆಯಲ್ಲಿ ಹುಡುಕಿದ, ಅದೇ ಸಾಲಿನ ‘ಕೊಡೆ’ ಒತ್ತಿದ. ಲೆವೆಲ್ ಏರಿತು! ಹೊರಗೆ ಮಳೆ ಬರ್ತಿತ್ತಾ ಅಂತ ನಾನು ಕೇಳಿದೆ. ‘ಮಳೆ ಅಂತ ಬರೆದೇ ಇಲ್ವಲ್ಲ ಅಂಕಲ್’ ಅಂದ.

ಮೇಲಿನ ಲೆವೆಲ್‌ನಲ್ಲಿ ಅವನು ಅಂದಾಜಿಗೆ ಒತ್ತತೊಡಗಿದ. ನಾಲ್ಕು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ 25% ಸರಿ ಬರುತ್ತದೆ, ಅಲ್ವಾ? ಹಾಗಾಗಿ ಲೆವೆಲ್ ಏರುವುದು, ಇಳಿಯುವುದು, ಮತ್ತೆ ಏರುವುದು. ಕೊನೆಗೆ ಕೋಳಿಮರಿಯ ಚಿತ್ರಕಥೆಗೆ ಬಂದು ನಿಂತಿತು. ಅವನು ಟ್ಯಾಬ್ ಪಕ್ಕಕ್ಕೆ ತಳ್ಳಿದ. ತಳ್ಳದೆ ಇನ್ನೇನು ಮಾಡಿಯಾನು? ಅವನಿಗೆ ಹನ್ನೊಂದು ವರ್ಷ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿ ಅರ್ಥಮಾಡಿಕೊಳ್ಳುವುದನ್ನು ಗುಣಾಕಾರದಂತೆ ನೋಡಿದರು: ಬರೆದ ಪದವನ್ನು ಬಿಡಿಸಿ ಓದುವ ಶಕ್ತಿ ಒಂದು, ಮಾತು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆ. ಎಂಜಿನ್ ಎರಡನ್ನೂ ಕಲಸಿ ಒಂದೇ ಅಂಕಿ ಕೊಡುತ್ತಿತ್ತು. ನನ್ನದರಲ್ಲಿ ಉತ್ತರ ತಪ್ಪಾದರೆ ಆಪ್ ಅದೇ ಭಾಗವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕೇಳಿದ ಮೇಲೆ ಸರಿ ಹೇಳಿದರೆ ತೊಡಕು ಓದುವುದರಲ್ಲೇ ಇರಬೇಕು. ಆಗಲೂ ತಪ್ಪಿದರೆ ಕೊಡೆ, ನೀರು ಎರಡಕ್ಕೂ ಬಣ್ಣ ಹಚ್ಚಿ, ‘ಈ ನೀರು ಎಲ್ಲಿಂದ ಬಂತು?’ ಅಂತ ಕೇಳುತ್ತದೆ. ಇಲ್ಲಿ ಆಯ್ಕೆಗಳಿಲ್ಲ. ಮಗು ಬಾಯಲ್ಲಿ ಹೇಳಬೇಕು, ರೆಕಾರ್ಡಿಂಗ್ ನಾನೇ ಕೇಳುತ್ತೇನೆ.

ರಿಪೋರ್ಟ್ ಎಂಜಿನ್‌ದೇ ಚೆಂದ. ಕಥೆಗಳೂ ಅಲ್ಲಿ ಜಾಸ್ತಿ.

ನನ್ನದರಲ್ಲಿ ಒಂದು ಕಥೆಗೆ ಸುಳಿವು ಬರೆಯಲು ಒಂದು ಸಂಜೆ ಬೇಕು. ಎಂಟು ಮಕ್ಕಳಿಗೆ ಸರಿ, ಎಂಟು ಸಾವಿರಕ್ಕೆ ನನ್ನಿಂದಾಗದು. ನನಗೆ ರಾತ್ರಿ ಕೂತು ಬರೆಯುವ ಚಟ, ಜೇಬಲ್ಲಿ ದುಡ್ಡು ಕಮ್ಮಿ. ಹಾಗಾಗಿ ಇದೇ ಸಾಕು.

ಎಂಜಿನ್ ಚಂದಾ ಇನ್ನೂ ನಾಲ್ಕು ತಿಂಗಳಿದೆ. ಅಕ್ಷರ ಕೂಡಿಸಿ ಓದಲು ತಡವರಿಸುವ ಇಬ್ಬರಿಗೆ ಅದನ್ನೇ ಕೊಟ್ಟಿದ್ದೇನೆ. ಅವರಿಗೆ ಸುಲಭದ ಕಥೆ ನಿಜಕ್ಕೂ ಬೇಕು.